ಗುಡ್ಡದ ದಾಖಲೆಗೊಂದು ಜಾಲತಾಣ: ತಂತ್ರಾಂಶದಲ್ಲಿ ನೋಡಬೇಕಾದದ್ದೇನು?

(ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಕಡೆಯ ಗ್ರಾಮಸ್ಥರು, ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಗುಡ್ಡ, ಹಳ್ಳ, ಕಾಲುವೆಗಳ ದಾಖಲೆಯನ್ನು ನಾವೇ ಇಟ್ಟುಕೊಳ್ಳಲು ಒಂದು ಜಾಲತಾಣ ಬೇಕೆಂದು ನೀವು ತೀರ್ಮಾನಿಸಿದ್ದೀರಿ. ಅದಕ್ಕೆ ಎಂಥ ತಂತ್ರಾಂಶ ತಕ್ಕದ್ದು, ಅದರಲ್ಲಿ ಯಾವ ಯಾವ ಅನುಕೂಲಗಳಿರಬೇಕು ಎಂಬುದನ್ನು ತಿಳಿಸಲು ನನ್ನನ್ನು ಕರೆದಿದ್ದೀರಿ. ಗಣಕದ ಮಾತನ್ನು ಗಣಕದಿಂದಲೇ ಆರಂಭಿಸಿದರೆ ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ಎದ್ದು ಹೋಗುವ ಸಂಭವವಿದೆ. ಆದ್ದರಿಂದ ಗುಡ್ಡದಿಂದಲೇ ಆರಂಭಿಸುತ್ತೇನೆ.

ಬಳ್ಳಾರಿಯ ಹೊರಗೆ, ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ಬಳಿ ಇರುವ ಹಿರೇಗುಡ್ಡವನ್ನು ನೋಡದವರು ಇಲ್ಲಿ ಕಡಿಮೆ. ನವಶಿಲಾಯುಗದ ಜನ ಅಲ್ಲಿಯ ಕರಿಗಲ್ಲನ್ನು ಒಡೆದು ಕೊಡಲಿಗಳನ್ನು ಮಾಡುತ್ತಿದ್ದರು. ಬಂಡೆಗಳ ಮೇಲೆ ಎತ್ತುಗಳ, ಮನುಷ್ಯರ ಆಕೃತಿಗಳನ್ನು ಕುಟ್ಟಿ ಮೂಡಿಸಿದ್ದರು. ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದಗೊಡುವ ಬಂಡೆಗಳೂ ಅಲ್ಲಿವೆ. ಈ ಚಿತ್ರಗಳ ಕುರಿತು 1892ರಷ್ಟು ಹಿಂದೆಯೇ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಲೇಖನ ಬಂದಿತ್ತು. ಅನಂತರ ಹುಡುಕಿಕೊಂಡು ಬಂದ ಸಂಶೋಧಕರಿಗೆ ಮಾತ್ರ ಆ ಜಾಗ ಕೈಗೆ ಸಿಗಲಿಲ್ಲ. ನೂರು ವರ್ಷ ಮೀರಿದ ಮೇಲೆ, 2004ರಲ್ಲಿ, ನಿಕೋಲ್ ಬೊಯಿವಿನ್ ಎಂಬ ಪುರಾತತ್ವಜ್ಞೆ 'ಆಂಟಿಕ್ವಿಟಿ' ಎಂಬ ನಿಯತಕಾಲಿಕೆಯಲ್ಲಿ ಅವುಗಳನ್ನು ಮತ್ತೆ ವಿವರವಾಗಿ ಪರಿಚಯಿಸಿದರು. ಅಷ್ಟರಲ್ಲಿ ಕಲ್ಲುಗಣಿಯವರು ಗುಡ್ಡದ ಕೆಲವು ಭಾಗಗಳಿಗೆ ಕೈಹಾಕಿ ಆಗಿತ್ತು.

ಕಣ್ಣೆದುರಿನ ಗುಡ್ಡ ಒಂದು ಶತಮಾನ ಕಾಲ 'ಕಳೆದುಹೋಗಿತ್ತು' ಎಂದರೆ ಏನರ್ಥ? ಕಪ್ಪಗಲ್ಲಿನಲ್ಲಿ ಕುರಿ ಕಾಯುವವರ ಪಾಲಿಗೆ ಅದು ಒಂದು ದಿನವೂ ಕಳೆದುಹೋಗಿರಲಿಲ್ಲ. ಕಳೆದುಹೋದದ್ದು ದಾಖಲೆ. ಬರೆದವರು ಬೇರೆಯವರು, ಭಾಷೆ ಬೇರೆ, ಬರೆದದ್ದನ್ನು ಇಟ್ಟ ಜಾಗ ಸಾವಿರಾರು ಮೈಲಿ ದೂರ. ತಿಳಿದವರು ಬರೆಯಲಿಲ್ಲ, ಬರೆದದ್ದು ತಿಳಿದವರಿಗೆ ತಲುಪಲಿಲ್ಲ. ನಾವು ಕಟ್ಟಹೊರಟ ಜಾಲತಾಣ ಈ ಅಂತರವನ್ನು ತುಂಬದಿದ್ದರೆ ಅದರ ಅಂದಚೆಂದ ಎಷ್ಟಿದ್ದರೂ ಉಪಯೋಗವಿಲ್ಲ. ಇಂದು ನಾನು ತಂತ್ರಾಂಶಗಳ ಒಂದೊಂದು ಗುಣವನ್ನೂ ಈ ಅಳತೆಗೋಲಿನಿಂದಲೇ ಅಳೆಯುತ್ತೇನೆ.

'ವಾಟ್ಸ್ಆ್ಯಪ್ ಗುಂಪು ಇದೆಯಲ್ಲ, ಇನ್ನೊಂದು ತಾಣವೇಕೆ' ಎಂದು ಯುವಕರು ಕೇಳುತ್ತಾರೆ. ಸಿರುಗುಪ್ಪದವರಿಗೆ 2024ರ ಆಗಸ್ಟ್ 10ರ ರಾತ್ರಿಯನ್ನು ನೆನಪಿಸಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತಾತ್ಕಾಲಿಕ ಹಲಗೆಗಳನ್ನು ಇಳಿಸಿ ನೀರನ್ನು ತಡೆಯಲು ಸುಮಾರು ಒಂದು ವಾರ ಹಿಡಿಯಿತು. ಅಂಥ ರಾತ್ರಿಯಲ್ಲಿ ಮೊಬೈಲಿಗೆ ಬರುವ ಸಂದೇಶಕ್ಕೆ ಹಿಂದುಮುಂದಿರುವುದಿಲ್ಲ. ಯಾರು ಬರೆದದ್ದು, ಎಷ್ಟು ಹೊತ್ತಿಗೆ ಬರೆದದ್ದು, ಇದು ನಿನ್ನೆಯ ನೀರಿನ ಮಟ್ಟವೋ ಈಗಿನದೋ, ಒಂದೂ ತಿಳಿಯುವುದಿಲ್ಲ. ಒಂದೇ ವಿಡಿಯೋ ನಲವತ್ತು ಗುಂಪುಗಳನ್ನು ಸುತ್ತಿ ಬಂದಾಗ ಅದರ ಊರು, ದಿನ ಎರಡೂ ಸವೆದುಹೋಗಿರುತ್ತವೆ. ಗುಂಪು ಕಟ್ಟೆಯ ಮೇಲಿನ ಮಾತಿನಂತೆ. ಅದು ಬೇಕು, ಅದಿಲ್ಲದೆ ಊರಿಲ್ಲ. ಆದರೆ ಮೂರು ವರ್ಷದ ಬಳಿಕ ಕಾಲುವೆಯ ಕೊನೆಭಾಗದ ರೈತ 'ಆ ವರ್ಷ ನಮಗೆ ನೀರು ಯಾವ ದಿನ ನಿಂತಿತು' ಎಂದು ಕೇಳಿದರೆ ಕಟ್ಟೆಯ ಮಾತು ಉತ್ತರ ಕೊಡಲಾರದು.

ಈಗ ತಂತ್ರಾಂಶಕ್ಕೆ ಬರೋಣ. ಹಿಂದೆ ಜಾಲತಾಣದ ಪ್ರತಿ ಪುಟವನ್ನೂ ಗಣಕದ ಸಂಕೇತಭಾಷೆಯಲ್ಲಿ ಬಲ್ಲವರೊಬ್ಬರು ಕೈಯಿಂದಲೇ ಬರೆಯಬೇಕಿತ್ತು. ಒಂದು ಫೋನ್ ಸಂಖ್ಯೆ ಬದಲಾದರೂ ಬೆಂಗಳೂರಿನಲ್ಲಿದ್ದ ಅವರಿಗೆ ಹೇಳಿ ಕಳುಹಿಸಬೇಕು. ವಿಷಯ ನಿರ್ವಹಣಾ ತಂತ್ರಾಂಶ ಎಂಬುದು ಬರಹವನ್ನೂ ಅದರ ಉಡುಗೆಯನ್ನೂ ಬೇರ್ಪಡಿಸಿತು. ನಮ್ಮ ಬಯಲಾಟದಲ್ಲಿ ಮಾತು, ಹಾಡು ಒಂದು ಕಡೆ, ವೇಷಭೂಷಣ ಇನ್ನೊಂದು ಕಡೆ ಇರುವುದಿಲ್ಲವೇ, ಹಾಗೆ. ಬರಹವೆಲ್ಲ ದತ್ತಕೋಶದಲ್ಲಿ ಕೂತಿರುತ್ತದೆ, ಓದುಗ ಕೇಳಿದಾಗ ತಂತ್ರಾಂಶವು ಅದಕ್ಕೆ ವೇಷ ತೊಡಿಸಿ ಹೊರಗೆ ಕಳುಹಿಸುತ್ತದೆ. ವೇಷ ಬದಲಿಸಿದರೆ ಮಾತು ಕೆಡುವುದಿಲ್ಲ. ಬರೆಯುವವರಿಗೆ ಸಂಕೇತಭಾಷೆ ತಿಳಿದಿರಬೇಕಾಗಿಲ್ಲ.

ಇಂಥವುಗಳಲ್ಲಿ ಹೆಸರಾದ ನಾಲ್ಕು ಮುಕ್ತ ತಂತ್ರಾಂಶಗಳಿವೆ: ಡ್ರುಪಾಲ್, ವರ್ಡ್‌ಪ್ರೆಸ್, ಜೂಮ್ಲಾ ಮತ್ತು ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ. ನಾಲ್ಕೂ ಉಚಿತ, ನಾಲ್ಕರ ಒಳಗುಟ್ಟೂ ಬಯಲಿನಲ್ಲಿದೆ. ಡ್ರುಪಾಲ್‌ನ ಹೆಸರಿನ ಕಥೆ ಹಳ್ಳಿಯವರು ಕೇಳಬೇಕಾದದ್ದು. ಬೆಲ್ಜಿಯಂನ ಡ್ರೀಸ್ ಬಾಯ್ಟರ್ಟ್ ಎಂಬ ವಿದ್ಯಾರ್ಥಿ ಸಹಪಾಠಿಗಳ ನಡುವೆ ಸುದ್ದಿ ಹಂಚಿಕೊಳ್ಳಲು ಮಾಡಿಕೊಂಡಿದ್ದ ತಾಣವದು. ಅದಕ್ಕೆ ಡಚ್ ಭಾಷೆಯಲ್ಲಿ ಹಳ್ಳಿ ಎಂಬರ್ಥದ 'ಡಾರ್ಪ್' ಎಂಬ ಹೆಸರಿಡಲು ಹೋಗಿ, ಅಕ್ಷರ ಹಿಂದುಮುಂದಾಗಿ, ಹನಿ ಎಂಬರ್ಥದ 'ಡ್ರಾಪ್' ಆಯಿತು. 2001ರಲ್ಲಿ ತಂತ್ರಾಂಶವನ್ನು ಲೋಕಕ್ಕೆ ಬಿಟ್ಟಾಗ ಆ ಹನಿಯೇ ಡ್ರುಪಾಲ್ ಎಂಬ ಹೆಸರು ಪಡೆಯಿತು. ಜೂಮ್ಲಾ ಎಂಬುದು 'ಎಲ್ಲರೂ ಒಟ್ಟಾಗಿ' ಎಂಬರ್ಥದ ಸ್ವಾಹಿಲಿ ಮಾತಿನಿಂದ ಬಂದದ್ದು. ನಮ್ಮ ದಖನಿ ಉರ್ದುವಿನವರಿಗೂ ಅದರ ಮೂಲ ಅಪರಿಚಿತವಲ್ಲ.

ಕನ್ನಡಕ್ಕೆ ಈ ದಾರಿ ಹೊಸತಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಮೀಡಿಯಾವಿಕಿಯ ಮೇಲೆ ನಡೆದಿದೆ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ 'ಸಂಪದ' ಸಮುದಾಯವು ಡ್ರುಪಾಲ್ ಬಳಸಿ ಕಟ್ಟಿದ್ದು. ಅದೇ ದಶಕದಲ್ಲಿ ಬೆಂಗಳೂರಿನ ಸರ್ವೆಲಾಟ್ಸ್ ಬಳಗ 'ಪಂಟೋಟೋ' ಎಂಬ ತಂತ್ರಾಂಶವನ್ನು ಸಮುದಾಯಗಳಿಗೆಂದೇ ರೂಪಿಸಿತು. ಯಾವ ಮಾಹಿತಿ ಇಡಬೇಕು, ಅದನ್ನು ಹೇಗೆ ವಿಂಗಡಿಸಬೇಕು ಎಂಬುದನ್ನು ತಂತ್ರಜ್ಞನಲ್ಲ, ಸಮುದಾಯವೇ ನಿರ್ಧರಿಸಬೇಕೆಂಬುದು ಅದರ ಹಿಂದಿನ ವಿಚಾರ. ಅದೇ ಬಳಗದ ಜನಸ್ತು ಸಂಸ್ಥೆ ಮುಂದೆ ತುಮಕೂರಿನ ದೇವರಾಯನದುರ್ಗದ ಗುಡ್ಡದ ಹಳ್ಳಿಗಳಲ್ಲಿ, ಓದುಬರಹ ಬಾರದವರ ದನಿಯನ್ನೂ ದಾಖಲೆಯಾಗಿಸುವ ಕೆಲಸಕ್ಕೆ ಇಳಿಯಿತು. ಅಜ್ಜಿಯೊಬ್ಬಳು ಗುಡ್ಡದ ಸೊಪ್ಪಿನ ಬಗ್ಗೆ ಹೇಳಿದ ಮಾತು ಟೈಪಾಗದ ಮಾತ್ರಕ್ಕೆ ದಾಖಲೆಯಲ್ಲ ಎನ್ನಲಾಗದು. ನಮ್ಮ ತಾಣದಲ್ಲಿಯೂ ಬರಹದಷ್ಟೇ ಸಲೀಸಾಗಿ ಧ್ವನಿಯ ಫೈಲನ್ನು ಸೇರಿಸಲು ಬರಬೇಕು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಗುಣ ತಿದ್ದುಪಡಿಯ ಇತಿಹಾಸ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೆಗೊಳಗಳಲ್ಲಿ ಅಶೋಕನ ಶಾಸನಗಳಿವೆ. ಅವನ ಶಾಸನಗಳು ಬಹುತೇಕ ಕಡೆ 'ದೇವಾನಾಂಪಿಯ' ಎಂದಷ್ಟೇ ಹೇಳಿದರೆ, ಅಶೋಕನೆಂಬ ಹೆಸರೇ ಕಾಣಸಿಗುವ ಕೆಲವೇ ಶಾಸನಗಳಲ್ಲಿ ಇವೂ ಸೇರಿವೆ. ಎರಡು ಸಾವಿರ ವರ್ಷ ದಾಟಿದರೂ ನಿಂತಿವೆ, ಏಕೆಂದರೆ ಅಳಿಸುವುದು ಕಷ್ಟ. ಆದರೆ ಕಲ್ಲಿನ ಮೇಲೆ ತಿದ್ದುವುದೂ ಕಷ್ಟ, ಎರಡನೆಯವನಿಗೆ ತನ್ನ ಮಾತು ಸೇರಿಸುವುದಂತೂ ಸಾಧ್ಯವೇ ಇಲ್ಲ. ಜಾಲತಾಣದ ಸ್ಥಿತಿ ಇದಕ್ಕೆ ತದ್ವಿರುದ್ಧ. ಯಾರು ಬೇಕಾದರೂ ತಿದ್ದಬಹುದು, ತಿದ್ದಿದ್ದು ಯಾರಿಗೂ ತಿಳಿಯದೆಯೂ ಹೋಗಬಹುದು. ಇತಿಹಾಸವಿಟ್ಟುಕೊಳ್ಳುವ ತಂತ್ರಾಂಶ ಇವೆರಡರ ನಡುವಿನ ದಾರಿ. ಪ್ರತಿ ಸಲ ಪುಟವನ್ನು ಉಳಿಸಿದಾಗಲೂ ಹಳೆಯ ಪ್ರತಿಯನ್ನು ಅಳಿಸದೆ, ಯಾರು, ಯಾವ ದಿನ, ಎಷ್ಟು ಗಂಟೆಗೆ ಬದಲಿಸಿದರೆಂಬುದನ್ನು ಅದು ಪಕ್ಕದಲ್ಲಿ ಬರೆದಿಡುತ್ತದೆ.

ರೈತರಿಗೆ ಇದನ್ನು ವಿವರಿಸುವುದು ಸುಲಭ. ಪಹಣಿಯಲ್ಲಿ ಇಂದಿನ ಮಾಲೀಕನ ಹೆಸರಿದೆ. ಆ ಹೆಸರು ಅಲ್ಲಿಗೆ ಹೇಗೆ ಬಂತೆಂಬುದನ್ನು ಮ್ಯುಟೇಶನ್ ಸಂಖ್ಯೆಯನ್ನು ಹಿಡಿದು ಹಿಂದಕ್ಕೆ ಹೋಗಿ ನೋಡಬಹುದು. ಮ್ಯುಟೇಶನ್ ವಹಿ ಇಲ್ಲದ ಪಹಣಿಯನ್ನು ನೀವು ನಂಬುವಿರಾ? ಇತಿಹಾಸವಿಲ್ಲದ ಜಾಲತಾಣವನ್ನೂ ನಂಬಬಾರದು. ಮೀಡಿಯಾವಿಕಿಯಲ್ಲಿ ಈ ವಹಿ ಎಲ್ಲರಿಗೂ ತೆರೆದಿರುತ್ತದೆ. ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಯಾವ ಪದ ಹೋಯಿತು, ಯಾವುದು ಬಂತು ಎಂದು ಓದುಗರೇ ನೋಡಬಹುದು. ವರ್ಡ್‌ಪ್ರೆಸ್ ಮತ್ತು ಡ್ರುಪಾಲ್ ಕೂಡ ಹಳೆಯ ಪ್ರತಿಗಳನ್ನು ಇಡಬಲ್ಲವು. ಆದರೆ ಅವು ಸಾಮಾನ್ಯವಾಗಿ ಒಳಗಿನವರಿಗೆ ಮಾತ್ರ ಕಾಣುತ್ತವೆ.

ಇದರಲ್ಲಿ ಅಂಥದ್ದೇನಿದೆ ಎನ್ನುವವರಿಗೆ ಸಂಡೂರಿನ ಗುಡ್ಡಗಳತ್ತ ಕೈತೋರಿಸುತ್ತೇನೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅತ್ಯಂತ ಗಂಭೀರ ಉಲ್ಲಂಘನೆ ಕಂಡುಬಂದ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಅಲ್ಲಿ ನಿಂತದ್ದು ಅಳತೆ, ನಕ್ಷೆ, ದಿನಾಂಕ. ಗುತ್ತಿಗೆಯ ಗಡಿ ಎಲ್ಲಿತ್ತು, ಅಗೆದದ್ದು ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳ ಮುಂದೆ ನಮ್ಮ ಸಿಟ್ಟು, ಸಂಕಟಗಳು ದೊಡ್ಡವೇ ಆದರೂ ಸಾಕ್ಷ್ಯವಾಗಲಾರವು. ಹೊಸ ಯೋಜನೆಯೊಂದಕ್ಕೆ ಸಾರ್ವಜನಿಕ ಅಹವಾಲು ನಡೆಯುವಾಗಲೂ ಹಾಗೆಯೇ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಜನರಿಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಆ 30 ದಿನಗಳಲ್ಲಿ ಹೊಸದಾಗಿ ದಾಖಲೆ ಹುಟ್ಟಿಸುವುದು ಅಸಾಧ್ಯ. ಐದು ವರ್ಷಗಳಿಂದ ಪ್ರತಿ ಬೇಸಿಗೆಯಲ್ಲೂ ಒಂದೇ ಬಾವಿಯ ನೀರಿನ ಮಟ್ಟವನ್ನು ಬರೆದಿಟ್ಟಿದ್ದರೆ, ಆ ಬರಹವನ್ನು ನಿನ್ನೆ ರಾತ್ರಿ ತಿದ್ದಿಲ್ಲವೆಂದು ಇತಿಹಾಸವೇ ತೋರಿಸಿದರೆ, ಆಗ ಆಡಿದ ಮಾತಿಗೆ ತೂಕ ಬರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಮೊಬೈಲಿನಲ್ಲಿ ತೆಗೆದ ಫೋಟೋದೊಳಗೆ ತೆಗೆದ ದಿನ, ವೇಳೆ, ಅವಕಾಶ ಕೊಟ್ಟಿದ್ದರೆ ಜಾಗದ ಅಕ್ಷಾಂಶ ರೇಖಾಂಶಗಳೂ ಅಡಗಿರುತ್ತವೆ. ಅದೇ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಚಿತ್ರವಾಗಿ ಕಳುಹಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ. ಗೆಳೆಯನಿಗೆ ಕಳುಹಿಸಿ, ಅವನು ಇನ್ನೊಬ್ಬನಿಗೆ ಕಳುಹಿಸಿ, ಅವನು ತಾಣಕ್ಕೇರಿಸಿದ ಚಿತ್ರ ಚಿತ್ರವೇ ಹೊರತು ದಾಖಲೆಯಲ್ಲ. ತೆಗೆದವರೇ ಮೂಲ ಫೈಲನ್ನು ಏರಿಸಬೇಕು. ಮೂಲ ಫೋನಿನಲ್ಲಿಯೂ ಅದನ್ನು ಅಳಿಸದೆ ಉಳಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರವನ್ನು ಕೇಳುತ್ತದೆ. ಅದರ ನಮೂನೆಯಲ್ಲಿ ಫೈಲಿನ 'ಹ್ಯಾಶ್' ಸಂಖ್ಯೆಯನ್ನೂ ಕಾಣಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಎಂದುಕೊಳ್ಳಿ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಫೋಟೋ ಏರಿಸಿದ ಕ್ಷಣದಲ್ಲೇ ಆ ಸಂಖ್ಯೆಯನ್ನು ಬರೆದಿಡುವ ಏರ್ಪಾಡನ್ನು ಮಾಡಿಕೊಂಡರೆ ಮುಂದೆ ವಕೀಲರಿಗೆ ಕೆಲಸ ಹಗುರ.

ಎರಡನೆಯ ಗುಣ ಅಧಿಕಾರ ಹಂಚಿಕೆ. ಯಾರು ಬರೆಯಬಹುದು, ಯಾರು ಪ್ರಕಟಿಸಬಹುದು, ಯಾರು ಅಳಿಸಬಹುದು ಎಂಬುದನ್ನು ತಂತ್ರಾಂಶದಲ್ಲಿಯೇ ಗೊತ್ತುಪಡಿಸಬೇಕು. ವರ್ಡ್‌ಪ್ರೆಸ್‌ನಲ್ಲಿ ಐದು ಮೆಟ್ಟಿಲುಗಳು ಸಿದ್ಧವಾಗಿಯೇ ಬರುತ್ತವೆ. ಮೇಲಿನ ಮೆಟ್ಟಿಲಿನವನು ಎಲ್ಲಕ್ಕೂ ಒಡೆಯ, ಕೆಳಗಿನವನು ಬರಿಯ ಓದುಗ. ನಡುವೆ ಇರುವ 'ಕಾಂಟ್ರಿಬ್ಯೂಟರ್' ಎಂಬ ದರ್ಜೆಯವನು ಬರೆದು ಇಡಬಹುದು, ಸಂಪಾದಕ ಒಪ್ಪಿದ ಮೇಲೆಯೇ ಅದು ಪ್ರಕಟವಾಗುತ್ತದೆ. ನಮ್ಮ ಹಳ್ಳಿಯ ವರದಿಗಾರರಿಗೆ ಇದೇ ತಕ್ಕ ದರ್ಜೆಯೆಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ತಂತ್ರಾಂಶ ಬಂದ ಹಾಗೆಯೇ ಬಳಸಿದರೆ ಈ ದರ್ಜೆಯವನು ಫೋಟೋ ಏರಿಸಲಾರ! ಗುಡ್ಡ ಹತ್ತಿ ಚಿತ್ರ ತೆಗೆದ ಹುಡುಗಿಗೆ ಚಿತ್ರ ಸೇರಿಸುವ ಹಕ್ಕಿಲ್ಲ, ಬಳ್ಳಾರಿಯಲ್ಲಿ ಫ್ಯಾನಿನ ಕೆಳಗೆ ಕೂತವನಿಗಿದೆ. ಆಗ ಆ ಹುಡುಗಿ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತಾಳೆ, ಈಗ ತಾನೆ ಹೇಳಿದ ದಿನಾಂಕ, ಜಾಗಗಳು ಉದುರುತ್ತವೆ. ಸಣ್ಣ ಪ್ಲಗಿನ್ ಒಂದರಿಂದ ಇದನ್ನು ಸರಿಪಡಿಸಬಹುದು. ಡ್ರುಪಾಲ್‌ನಲ್ಲಿ ದರ್ಜೆಗಳನ್ನು ನಾವೇ ಸೃಷ್ಟಿಸಿ ಒಂದೊಂದು ಹಕ್ಕನ್ನೂ ಬೇರೆ ಬೇರೆಯಾಗಿ ಕೊಡಲು ಬರುತ್ತದೆ. ಸಂಘದಲ್ಲಿ ಹೆಣ್ಣುಮಕ್ಕಳ ದನಿ ಏಕೆ ಕೇಳುತ್ತಿಲ್ಲ ಎಂದು ಸಭೆ ಕರೆಯುವ ಮೊದಲು ಈ ಹಕ್ಕುಗಳ ಪಟ್ಟಿಯನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು.

ಹಂಚಿಕೊಳ್ಳುವುದರಷ್ಟೇ ಮುಖ್ಯವಾದದ್ದು ಬಚ್ಚಿಡುವುದು. ಪರಿಸರದ ಗೆಳೆಯರು ಎಲ್ಲವನ್ನೂ ಬಯಲಿಗಿಡಬೇಕೆಂಬ ಉತ್ಸಾಹದಲ್ಲಿ ಇದನ್ನು ಮರೆಯುತ್ತಾರೆ. ಸಿರುಗುಪ್ಪ ತಾಲ್ಲೂಕಿನ ಎರೆಭೂಮಿಯಲ್ಲಿ ಹೆಬ್ಬಕ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಕಂಡುಬಂದಿರುವುದು ನಿಮಗೆ ಗೊತ್ತು. ಇಡೀ ದೇಶದಲ್ಲಿ ಉಳಿದಿರುವ ಈ ಹಕ್ಕಿಗಳು ನೂರೈವತ್ತರ ಆಸುಪಾಸು, ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಹೆಣ್ಣು ಹಕ್ಕಿ ಸಾಮಾನ್ಯವಾಗಿ ನೆಲದ ಮೇಲೆ ಒಂದೇ ಮೊಟ್ಟೆಯಿಡುತ್ತದೆ. ಹಕ್ಕಿಯ ಚಿತ್ರವನ್ನು ಅಕ್ಷಾಂಶ ರೇಖಾಂಶಗಳ ಸಮೇತ ಪ್ರಕಟಿಸುವುದೆಂದರೆ ಮೊಟ್ಟೆಯ ವಿಳಾಸವನ್ನು ಬೇಟೆಗಾರನಿಗೂ, ಕ್ಯಾಮೆರಾ ಹೊತ್ತ ಅತ್ಯುತ್ಸಾಹಿಗೂ ಕೈಯಾರೆ ಕೊಟ್ಟಂತೆ. ಮುಖ್ಯ ಪ್ರತಿಯಲ್ಲಿ ಸ್ಥಳದ ವಿವರ ಉಳಿದು, ಹೊರಗೆ ಕಾಣುವ ಪ್ರತಿಯಲ್ಲಿ 'ಸಿರುಗುಪ್ಪ ತಾಲ್ಲೂಕು' ಎಂದಷ್ಟೇ ಇರಬೇಕು. ಒಂದೇ ದಾಖಲೆಯ ಕೆಲವು ಅಂಕಣಗಳನ್ನು ಒಳಗಿನವರಿಗೆ ಮಾತ್ರ ತೋರಿಸುವ ಏರ್ಪಾಡನ್ನು ಡ್ರುಪಾಲ್‌ನಲ್ಲಿ ಮಾಡಿಕೊಳ್ಳಬಹುದು. ಮೀಡಿಯಾವಿಕಿ ಎಲ್ಲವೂ ಎಲ್ಲರಿಗೂ ಕಾಣಲೆಂದೇ ಹುಟ್ಟಿದ ತಂತ್ರಾಂಶ. ಅದರಲ್ಲಿ ಗುಟ್ಟಿನ ಪುಟಗಳನ್ನು ಇಡಬೇಡಿರೆಂದು ಅದನ್ನು ಮಾಡಿದವರೇ ಎಚ್ಚರಿಸುತ್ತಾರೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮಗಳಲ್ಲಿ ಸಿದ್ಧವಾಗುವ ಜೀವವೈವಿಧ್ಯ ದಾಖಲಾತಿಗೂ ಇದೇ ವಿವೇಕ ಬೇಕು. ನಾಟಿವೈದ್ಯರು ನಂಬಿ ಹೇಳಿದ ಬೇರಿನ ಗುಣವನ್ನು ಅವರ ಒಪ್ಪಿಗೆಯಿಲ್ಲದೆ ಲೋಕಕ್ಕೆ ಹರಾಜು ಹಾಕುವ ಹಕ್ಕು ನಮಗಿಲ್ಲ.

ಇನ್ನು ಲಿಪಿಯ ವಿಷಯ. ಇದರ ಮೇಲೆ ನಾನು ಸ್ವಲ್ಪ ದೀರ್ಘವಾಗಿಯೇ ಮಾತನಾಡುತ್ತೇನೆ, ಏಕೆಂದರೆ ಬಹಳಷ್ಟು ಕನ್ನಡ ದಾಖಲೆ ಕಣ್ಣೆದುರಿದ್ದೂ ಸತ್ತಿರುವುದು ಇಲ್ಲಿಯೇ. ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಎಷ್ಟೋ ವರ್ಷ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದರು. ಅವು ಆ ಕಾಲಕ್ಕೆ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಹಳೆಯ ಪದ್ಧತಿಯಲ್ಲಿ ಗಣಕದೊಳಗೆ ಕೂತಿರುವುದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ಮುಖವಾಡ ಮಾತ್ರ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. 'ಕುರುಗೋಡು' ಎಂದು ಹುಡುಕಿದರೆ ಸಿಗುವುದಿಲ್ಲ, ಗಣಕದ ಮಟ್ಟಿಗೆ ಅಲ್ಲಿ ಕುರುಗೋಡೇ ಇಲ್ಲವಲ್ಲ! ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ಕನ್ನಡ ಯೂನಿಕೋಡ್ ಫಾಂಟಿನ ಹೆಸರು 'ತುಂಗಾ'. ನಮ್ಮ ಹೊಳೆಯ ಅರ್ಧ ಹೆಸರು ಹಾಗೆ ಲೋಕದ ಗಣಕಗಳೊಳಗೆಲ್ಲ ಹರಿಯಿತು.

ಆದ್ದರಿಂದ ಪಂಚಾಯಿತಿಯಿಂದಲೋ, ಡಿಟಿಪಿ ಅಂಗಡಿಯಿಂದಲೋ ಹಳೆಯ ಕಡತ ದೊರೆತರೆ ಹಾಗೆಯೇ ಏರಿಸಬೇಡಿ. ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಬಳಿಕ ಒಬ್ಬರು ಮೂಲದೊಡನೆ ಹೋಲಿಸಿ ಓದಲೇಬೇಕು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಪರಿವರ್ತಕ ಎಡವುತ್ತದೆ, ಸರ್ವೆ ನಂಬರುಗಳ ಅಂಕಿಗಳಲ್ಲಿ ಎಡವಿದರೆ ಅನಾಹುತವೇ ಆದೀತು. ಮೂಲ ಕಾಗದದ ಸ್ಕ್ಯಾನನ್ನೂ ಪಠ್ಯದ ಜೊತೆಗೇ ಇಡಬೇಕು. ತಂತ್ರಾಂಶದ ಗುಂಡಿಗಳು, ಸೂಚನೆಗಳೂ ಕನ್ನಡದಲ್ಲಿರಬೇಕು. 'ಉಳಿಸು', 'ಪ್ರಕಟಿಸು' ಎಂದು ಕಂಡರೆ ಧೈರ್ಯದಿಂದ ಒತ್ತುವ ಕೈ, ಇಂಗ್ಲಿಷಿನ ಗುಂಡಿ ಕಂಡರೆ ಹಿಂಜರಿಯುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ.

ಲಿಪಿ ಸರಿಹೋದ ಮೇಲೂ ಹೆಸರುಗಳ ತೊಡಕು ಉಳಿಯುತ್ತದೆ. ಒಬ್ಬರು ಕುರುಗೋಡು ಎಂದು ಬರೆದರೆ ಇನ್ನೊಬ್ಬರು ಕುರಗೋಡು ಎನ್ನುತ್ತಾರೆ, ಸಿರುಗುಪ್ಪ ಸಿರಗುಪ್ಪವಾಗುತ್ತದೆ. ಇಂಗ್ಲಿಷಿನಲ್ಲಿ 2014ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ 'ಬೆಲ್ಲಾರಿ'. ಕುರುಗೋಡು ಹಿಂದೆ ಬಳ್ಳಾರಿ ತಾಲ್ಲೂಕಿನಲ್ಲಿತ್ತು. 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅತ್ತ ಹೋಯಿತು, ಸಂಡೂರು ಇತ್ತ ಉಳಿಯಿತು. ಗುಡ್ಡಗಳು ಇದ್ದಲ್ಲಿಯೇ ಇವೆ, ವಿಳಾಸ ಮಾತ್ರ ಬದಲಾಗುತ್ತಿದೆ. ಇದಕ್ಕಾಗಿಯೇ ಡ್ರುಪಾಲ್‌ನಲ್ಲಿ 'ಟ್ಯಾಕ್ಸಾನಮಿ' ಎಂಬ ಪದಕೋಶದ ಏರ್ಪಾಡಿದೆ. ಗ್ರಾಮದ ಹೆಸರನ್ನು ಬರೆಯುವವರ ಇಷ್ಟಕ್ಕೆ ಬಿಡದೆ ಸಿದ್ಧಪಟ್ಟಿಯಿಂದ ಆರಿಸಿಕೊಳ್ಳುವಂತೆ ಮಾಡಬಹುದು. ಒಂದು ಹಳ್ಳಿಯ ತಾಲ್ಲೂಕು ಬದಲಾದರೆ ಪಟ್ಟಿಯಲ್ಲಿ ಒಂದು ಕಡೆ ತಿದ್ದಿದರೆ ಸಾಕು, ಅದಕ್ಕೆ ಸೇರಿದ ನೂರು ದಾಖಲೆಗಳೂ ಹೊಸ ಸ್ಥಾನದಲ್ಲಿ ಕಾಣುತ್ತವೆ. ಹಳೆಯ ತಾಲ್ಲೂಕಿನ ಹೆಸರನ್ನೂ ಪಕ್ಕದಲ್ಲಿ ಉಳಿಸಿಕೊಳ್ಳಿ, ಹಿಂದಿನ ಸರ್ಕಾರಿ ಕಡತಗಳೆಲ್ಲ ಆ ಹೆಸರಿನಲ್ಲೇ ಇವೆ.

ಅಂದಚೆಂದ, ಓಡುವ ಅಕ್ಷರ, ಜಾರುವ ಚಿತ್ರ, ಭೇಟಿ ಕೊಟ್ಟವರ ಲೆಕ್ಕ, ಇವುಗಳ ಬಗ್ಗೆ ಹೇಳುವುದು ಏನೂ ಇಲ್ಲ. ಗುಡ್ಡದ ಮರೆಯಲ್ಲಿ ಸಿಗ್ನಲ್ಲು ಒಂದು ಗೆರೆ ಇರುವಾಗ ಪುಟ ತೆರೆದರೆ ಸಾಕು.

ಕಟ್ಟಿದ್ದನ್ನು ಹೊತ್ತೊಯ್ಯಲು ಬರುತ್ತದೆಯೇ ಎಂಬುದನ್ನು ಕಟ್ಟುವ ಮೊದಲೇ ಕೇಳಬೇಕು. ಲಕ್ಷಾಂತರ ಜನ ತಮ್ಮ ಪುಟಗಳನ್ನಿಟ್ಟಿದ್ದ ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಕದ ಹಾಕಿದವು. ಬಾಡಿಗೆ ಮನೆಯಲ್ಲಿ ಹಗೇವು ತೋಡಿದವರ ಪಾಡು ಅದು. ನಮ್ಮ ಹಿರಿಯರು ಬಿತ್ತನೆಯ ಜೋಳವನ್ನು ಉಣ್ಣುವ ಜೋಳದ ಜೊತೆ ಇಡುತ್ತಿರಲಿಲ್ಲ. ಹಾಗೆಯೇ ತಾಣದ ದತ್ತಕೋಶ, ಚಿತ್ರಗಳು ಎರಡರ ನಕಲನ್ನೂ ಪ್ರತಿ ತಿಂಗಳು ತೆಗೆದು, ಒಂದನ್ನು ಬಳ್ಳಾರಿಯಲ್ಲಿ, ಒಂದನ್ನು ಸಿರುಗುಪ್ಪದಲ್ಲಿ ಬೇರೆ ಬೇರೆ ಡಿಸ್ಕಿನಲ್ಲಿ ಇಡಬೇಕು. ವರ್ಷಕ್ಕೊಮ್ಮೆ ಆ ನಕಲಿನಿಂದ ತಾಣವನ್ನು ಬೇರೊಂದು ಗಣಕದಲ್ಲಿ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ನಕಲು ಇದ್ದೂ ಇಲ್ಲದಂತೆ.

ತಾಣದ ಹೆಸರೂ ಸಂಘದ್ದೇ ಆಗಿರಬೇಕು. ನಾನು ಬಲ್ಲ ಸಂಘವೊಂದರ ತಾಣದ ಹೆಸರು ಅದನ್ನು ಕಟ್ಟಿಕೊಟ್ಟ ಯುವಕನ ಹೆಸರಿನಲ್ಲಿ ನೋಂದಾಯಿತವಾಗಿತ್ತು. ಅವನಿಗೆ ದೂರದೂರಿನಲ್ಲಿ ನೌಕರಿ ಸಿಕ್ಕಿತು, ನವೀಕರಣದ ಪತ್ರ ಹಳೆಯ ಇ-ಮೇಲಿಗೆ ಹೋಯಿತು, ಅವಧಿ ಮುಗಿಯಿತು. ಆ ಹೆಸರನ್ನು ಯಾರೋ ಕೊಂಡರು, ಈಗ ಅಲ್ಲಿ ಜೂಜಿನ ಜಾಹೀರಾತು ಕಾಣುತ್ತದೆ. ಯುವಕನ ಮೇಲೆ ಯಾರಿಗೂ ಸಿಟ್ಟಿಲ್ಲ, ಅವನು ಪುಕ್ಕಟೆ ದುಡಿದವನು.

ಹಾಗಾದರೆ ಯಾವುದನ್ನು ಆರಿಸಬೇಕು? ಗುಣಗಳನ್ನು ತೂಗಿದರೆ ನಮ್ಮ ಕೆಲಸಕ್ಕೆ ಡ್ರುಪಾಲ್ ಹೆಚ್ಚು ಹೊಂದುತ್ತದೆ. ಬಾವಿ, ಗುಡ್ಡ, ಕಾಲುವೆ, ಹಕ್ಕಿ, ಒಂದೊಂದಕ್ಕೂ ಬೇರೆ ಬೇರೆ ನಮೂನೆಯನ್ನು ಅದರಲ್ಲಿ ಮಾಡಿಕೊಳ್ಳಬಹುದು, ಹಕ್ಕುಗಳನ್ನು ಬಿಡಿಬಿಡಿಯಾಗಿ ಹಂಚಬಹುದು. ಆದರೆ ಅದಕ್ಕೆ ಕಾವಲು ಬೇಕು. 2014ರ ಅಕ್ಟೋಬರ್ 15ರಂದು ಡ್ರುಪಾಲ್‌ನಲ್ಲಿ ದೊಡ್ಡದೊಂದು ಬಿರುಕು ಪ್ರಕಟವಾಯಿತು. ಏಳು ಗಂಟೆಗಳೊಳಗೆ ತೇಪೆ ಹಾಕದ ತಾಣಗಳೆಲ್ಲ ಕಳ್ಳರ ಪಾಲಾಗಿವೆಯೆಂದೇ ಭಾವಿಸಿರೆಂದು ಅದರ ಭದ್ರತಾ ತಂಡವೇ ಹೇಳಬೇಕಾಯಿತು. ವಾರಕ್ಕೊಮ್ಮೆ ಭದ್ರತೆಯ ಸೂಚನೆಗಳನ್ನು ಓದಿ, ಅದೇ ದಿನ ತೇಪೆ ಹಾಕುವ ಇಬ್ಬರು ನಿಮ್ಮಲ್ಲಿದ್ದರೆ ಡ್ರುಪಾಲ್‌ಗೆ ಹೋಗಿ. ಇಲ್ಲವಾದರೆ ತಾನೇ ಸಣ್ಣಪುಟ್ಟ ತೇಪೆ ಹಾಕಿಕೊಳ್ಳುವ ವರ್ಡ್‌ಪ್ರೆಸ್‌ನಿಂದ ಆರಂಭಿಸಿ, ಹೆಬ್ಬಕದಂಥ ಗುಟ್ಟಿನ ವಿವರಗಳನ್ನು ಸದ್ಯಕ್ಕೆ ಕಾಗದದ ವಹಿಯಲ್ಲೇ ಇಡಿ. ಎಲ್ಲರೂ ಸೇರಿ ಬರೆಯಬೇಕಾದ ಊರಿನ ಇತಿಹಾಸ, ಕುರುಗೋಡಿನ ಸಿಂದರ ಕಾಲದ ಶಾಸನಗಳ ಪರಿಚಯ ಮುಂತಾದವಕ್ಕೆ ಪ್ರತ್ಯೇಕ ವಿಕಿ ಕಟ್ಟುವ ಶ್ರಮ ಬೇಡ. ಕನ್ನಡ ವಿಕಿಪೀಡಿಯದಲ್ಲೇ ಆಧಾರ ಸಹಿತ ಬರೆಯಿರಿ, ಅಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಇನ್ನೂ ಬೇಕಾದಷ್ಟು ಜಾಗವಿದೆ.

ಸರ್ವರ್ ಬಾಡಿಗೆ, ಹೆಸರಿನ ಶುಲ್ಕ ಪ್ರತಿವರ್ಷದ ಖರ್ಚು. ಅದನ್ನು ಒಬ್ಬ ದಾನಿಯಿಂದ ಪಡೆಯದೆ ಊರೂರಿನಿಂದ ಸ್ವಲ್ಪ ಸ್ವಲ್ಪ ಕೂಡಿಸಿ. ಹಣ ಕೊಟ್ಟ ಊರು ತನ್ನ ಪುಟ ಏಕೆ ಖಾಲಿ ಇದೆಯೆಂದು ಕೇಳುತ್ತದೆ. ಪಾಸ್‌ವರ್ಡ್ ಮೂವರ ಬಳಿ ಇರಲಿ. ಮೂವರೂ ಮೂರು ಊರಿನವರಾಗಿರಲಿ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ.

ತಂತ್ರಾಂಶವನ್ನು ಸ್ಥಾಪಿಸಲು ಅರ್ಧ ದಿನ ಸಾಕು. ಅದಕ್ಕೂ ಮೊದಲು ಆಗಬೇಕಾದದ್ದು ಗ್ರಾಮಗಳ, ಗುಡ್ಡಗಳ, ಹಳ್ಳಗಳ ಹೆಸರಿನ ಪಟ್ಟಿ. ಸರ್ಕಾರಿ ಹೆಸರು, ಜನ ಕರೆಯುವ ಹೆಸರು, ಹಳೆಯ ತಾಲ್ಲೂಕು, ಈಗಿನ ತಾಲ್ಲೂಕು, ಈ ನಾಲ್ಕು ಅಂಕಣಗಳನ್ನು ಕಾಗದದ ಮೇಲೆ ಗೆರೆಹಾಕಿ ಇಲ್ಲಿಯೇ ಇಟ್ಟಿದ್ದೇನೆ. ಕುರುಗೋಡಿನ ವಿದ್ಯಾರ್ಥಿಗಳು ತಮ್ಮ ಗುಡ್ಡಸಾಲಿನಿಂದ, ಸಿರುಗುಪ್ಪದವರು ಹೊಳೆದಂಡೆಯ ಊರುಗಳಿಂದ, ಬಳ್ಳಾರಿಯವರು ಸಂಗನಕಲ್ಲು, ಕಪ್ಪಗಲ್ಲುಗಳಿಂದ ಆರಂಭಿಸಬಹುದು. ಹೊರಡುವಾಗ ಒಂದೊಂದು ಹಾಳೆ ತೆಗೆದುಕೊಂಡು ಹೋಗಬೇಕು.